ಯಂತ್ರದ ನಿಲುಗಡೆ ಮತ್ತು ಅದರ ದಾಖಲೆ: ಒಂದು ಚಾರಿತ್ರಿಕ ಸಮೀಕ್ಷೆ

೧

ಕೈಗಾರಿಕೆಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯಂತ್ರವು ನಡೆದ ಕಾಲದ ಚರಿತ್ರೆಯನ್ನೇ ಬರೆದಿದ್ದಾರೆ. ಎಷ್ಟು ಗಜ ಬಟ್ಟೆಯನ್ನು ನೇಯಲಾಯಿತು, ಎಷ್ಟು ಟನ್ ಉಕ್ಕನ್ನು ತಯಾರಿಸಲಾಯಿತು, ಅದರಿಂದ ಬಂದ ಲಾಭವೆಷ್ಟು ಎಂಬ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರ ದೊರೆಯುತ್ತದೆ. ಯಂತ್ರವು ನಿಂತಿದ್ದ ಕಾಲಕ್ಕೂ ಒಂದು ಚರಿತ್ರೆಯುಂಟೆಂಬುದು ಅಷ್ಟಾಗಿ ನಮ್ಮ ಗಮನಕ್ಕೆ ಬಂದಿಲ್ಲ. ಆದರೆ ಕಾರ್ಖಾನೆಯಲ್ಲಿ ದುಡಿಯುವವನಿಗೂ ಅದನ್ನು ನಡೆಸುವವನಿಗೂ ತಿಕ್ಕಾಟ ಹುಟ್ಟುವುದು ಅನೇಕ ವೇಳೆ ಯಂತ್ರ ನಿಂತಾಗಲೇ. ಅದು ನಿಂತದ್ದು ಎಷ್ಟು ಹೊತ್ತು? ಏಕೆ ನಿಂತಿತು? ಆ ಹೊತ್ತಿನ ನಷ್ಟ ಯಾರ ಪಾಲಿಗೆ? ಈ ಮೂರು ಪ್ರಶ್ನೆಗಳಿಗೆ ಕಳೆದ ಒಂದು ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಕೊಡಲಾದ ಉತ್ತರಗಳನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂದು ಈ ಉತ್ತರಗಳನ್ನು ಕೂಡಿಡುವ ಕೆಲಸವನ್ನು ಗಣಕದ ತಂತ್ರಾಂಶಗಳು ಮಾಡುತ್ತಿವೆ. ಕಾರ್ಖಾನೆಯ ಲೇತ್ ಯಂತ್ರ, ಕಚೇರಿಯ ಲಿಫ್ಟು, ಆಸ್ಪತ್ರೆಯ ಜನರೇಟರು ಮೊದಲಾದ ಪ್ರತಿಯೊಂದಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ಅದು ಕೆಟ್ಟ ವೇಳೆ, ದೂರು ಬಂದ ವೇಳೆ, ದುರಸ್ತಿಗಾರನಿಗೆ ಕೆಲಸವನ್ನು ಒಪ್ಪಿಸಿದ ವೇಳೆ, ಅದು ಮತ್ತೆ ಚಾಲನೆಗೊಂಡ ವೇಳೆ ಇವಿಷ್ಟನ್ನೂ ಬರೆದಿಡುವುದು ಅವುಗಳ ಕ್ರಮ. ಕೈಗಾರಿಕಾ ವಲಯದಲ್ಲಿ ‘ಡೌನ್‌ಟೈಮ್’ ಎಂದು ಕರೆಯುವ ನಿಲುಗಡೆಯ ಕಾಲ ಹೀಗೆ ನಿಮಿಷ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಈ ದಾಖಲೆಯಲ್ಲಿ ವೇಳೆಯ ಅಂಕಣಗಳ ಪಕ್ಕದಲ್ಲಿ ಇನ್ನೊಂದು ಅಂಕಣವಿರುತ್ತದೆ. ಅದು ಕಾರಣದ ಅಂಕಣ. ವೇಳೆಯನ್ನು ಯಂತ್ರವೇ ಅಳೆಯಬಲ್ಲುದು. ಕಾರಣವನ್ನು ಬಹುಪಾಲು ಮನುಷ್ಯನೇ ಬರೆಯಬೇಕು. ಆ ಅಂಕಣವನ್ನು ಯಾರು ತುಂಬುತ್ತಾರೆ, ಯಾವ ಪಟ್ಟಿಯಿಂದ ಆರಿಸಿ ತುಂಬುತ್ತಾರೆ ಎಂಬುದನ್ನು ಅವಲಂಬಿಸಿಯೇ ನಿಲುಗಡೆಗೆ ಪರಿಹಾರ ದೊರೆಯುವುದೇ ಇಲ್ಲವೇ ಎಂಬುದು ನಿರ್ಧಾರವಾಗುತ್ತದೆಂದು ನಮ್ಮ ಅಭಿಪ್ರಾಯ. ಈ ಅಂಕಣವು ತಂತ್ರಾಂಶಕ್ಕಿಂತ ಬಹಳ ಹಳೆಯದು. ಅದರ ಮೂಲವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಾಣಬಹುದು.

೨

ಅಮೆರಿಕದ ಎಂಜಿನಿಯರಾದ ಫ್ರೆಡರಿಕ್ ವಿನ್‌ಸ್ಲೋ ಟೇಲರನು ಕಾರ್ಖಾನೆಯ ಕೆಲಸವನ್ನು ಗಡಿಯಾರದಿಂದ ಅಳೆಯುವ ಪದ್ಧತಿಯನ್ನು ಬಳಕೆಗೆ ತಂದನೆಂಬುದು ಸರ್ವವಿದಿತ. ಆತನ ಪ್ರಸಿದ್ಧ ಗ್ರಂಥವು ಪ್ರಕಟವಾದ ೧೯೧೧ರಲ್ಲಿಯೇ, ಆಗಸ್ಟ್ ತಿಂಗಳಿನಲ್ಲಿ, ಮೆಸಾಚುಸೆಟ್ಸ್ ಸಂಸ್ಥಾನದ ವಾಟರ್‌ಟೌನ್ ಶಸ್ತ್ರಾಗಾರದ ಎರಕದ ಕೆಲಸಗಾರರು ತಮ್ಮ ಮುಂದೆ ಗಡಿಯಾರ ಹಿಡಿದು ನಿಲ್ಲುವುದನ್ನು ಪ್ರತಿಭಟಿಸಿ ಕೆಲಸ ಬಿಟ್ಟು ಹೊರನಡೆದರು. ಇದರ ಪರಿಣಾಮವಾಗಿ ಶಾಸನಸಭೆಯ ವಿಚಾರಣೆ ನಡೆಯಿತು. ೧೯೧೫ರಲ್ಲಿ ಸೈನ್ಯದ ಆಯವ್ಯಯಕ್ಕೆ ಮಂಜೂರಾತಿ ಕೊಡುವಾಗ, ಆ ಹಣವನ್ನು ಇಂತಹ ಕಾಲಮಾಪನಕ್ಕೆ ವಿನಿಯೋಗಿಸಕೂಡದೆಂಬ ನಿರ್ಬಂಧವನ್ನು ಕಾಂಗ್ರೆಸ್ ಸೇರಿಸಿತು. ಎರಕದವರ ಆಕ್ಷೇಪಣೆಯ ತಿರುಳನ್ನು ನಾವು ಹೀಗೆ ಗ್ರಹಿಸಬಹುದು: ಗಡಿಯಾರವು ಕೆಲಸಗಾರನ ಕೈ ನಿಂತದ್ದನ್ನು ಕಾಣುತ್ತದೆ, ಅದು ಮರಳು ಬಾರದೆ ನಿಂತಿತೋ, ಅಚ್ಚು ಸಿದ್ಧವಿಲ್ಲದೆ ನಿಂತಿತೋ ಎಂಬುದನ್ನು ಕಾಣುವುದಿಲ್ಲ.

ಟೇಲರನ ಜೊತೆಗಾರನಾಗಿದ್ದ ಹೆನ್ರಿ ಲಾರೆನ್ಸ್ ಗ್ಯಾಂಟನು (೧೮೬೧-೧೯೧೯) ಈ ಕೊರತೆಯನ್ನು ಕಂಡುಕೊಂಡವನು. ಆತನ ಹೆಸರಿನ ನಕ್ಷೆಯನ್ನು ಇಂದಿಗೂ ಯೋಜನೆಗಳ ಕಾಲನಿರ್ಣಯಕ್ಕಾಗಿ ಬಳಸುತ್ತಾರೆ. ಆದರೆ ಆತನು ಬಳಕೆಗೆ ತಂದ ನಕ್ಷೆಗಳಲ್ಲಿ ಯಂತ್ರಗಳ ದಾಖಲೆಯ ನಕ್ಷೆ ಎಂಬುದೂ ಒಂದೆಂಬುದು ಅಷ್ಟು ಪ್ರಚಾರಕ್ಕೆ ಬಂದಿಲ್ಲ. ಆತನ ಶಿಷ್ಯ ವಾಲೇಸ್ ಕ್ಲಾರ್ಕನು ೧೯೨೨ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದರ ವಿವರಣೆ ದೊರೆಯುತ್ತದೆ. ಪ್ರತಿಯೊಂದು ಯಂತ್ರಕ್ಕೂ ಒಂದು ಸಾಲು. ಯಂತ್ರವು ನಡೆದಷ್ಟು ಹೊತ್ತಿಗೆ ಒಂದು ಗೆರೆ. ಗೆರೆ ಇಲ್ಲದ ಕಡೆ ಯಂತ್ರ ನಿಂತಿತ್ತೆಂದು ಅರ್ಥ. ಆ ಖಾಲಿ ಜಾಗದಲ್ಲಿ ಕಾರಣವನ್ನು ಸೂಚಿಸುವ ಒಂದು ಅಕ್ಷರವನ್ನು ಬರೆಯಬೇಕು. ಕೆಲಸಗಾರರ ಅಭಾವ, ಸಾಮಗ್ರಿಯ ಅಭಾವ, ಚಾಲಕಶಕ್ತಿಯ ಅಭಾವ, ಉಪಕರಣಗಳ ಅಭಾವ, ಬೇಡಿಕೆಯ ಅಭಾವ, ದುರಸ್ತಿ ಎಂಬಿವು ಆ ಕಾರಣಗಳಲ್ಲಿ ಮುಖ್ಯವಾದವು. ಈ ಪಟ್ಟಿಯನ್ನು ಸಾವಧಾನವಾಗಿ ಓದಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಯಂತ್ರದ ಮುಂದೆ ನಿಂತವನ ಕೈಯಲ್ಲಿ ಇರುವಂಥವಲ್ಲ. ಸಾಮಗ್ರಿಯನ್ನು ತರಿಸುವುದು, ಬೇಡಿಕೆಯನ್ನು ದೊರಕಿಸುವುದು ಮೊದಲಾದವು ಆಡಳಿತದ ಹೊಣೆಗಳು.

ಇದಕ್ಕೆ ಪೂರಕವಾದ ವಾದವನ್ನು ಗ್ಯಾಂಟನು ೧೯೧೫ರಲ್ಲಿ ಅಮೆರಿಕದ ಯಾಂತ್ರಿಕ ಎಂಜಿನಿಯರುಗಳ ಸಂಘದ ಮುಂದೆ ಮಂಡಿಸಿದನು. ಅದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿಶದಪಡಿಸಬಹುದು. ಒಂದು ಕಾರ್ಖಾನೆಯಲ್ಲಿ ಒಂದೇ ಬಗೆಯ ನಾಲ್ಕು ಯಂತ್ರಗಳಿವೆ. ಅವುಗಳ ಮೇಲಣ ವಾರ್ಷಿಕ ವೆಚ್ಚ ೪,೦೦೦ ರೂಪಾಯಿ. ಎರಡು ಯಂತ್ರಗಳು ವರ್ಷವಿಡೀ ನಿಂತಿವೆ. ಹಳೆಯ ಲೆಕ್ಕದ ಕ್ರಮದಲ್ಲಿ ಪೂರ್ತಿ ೪,೦೦೦ ರೂಪಾಯಿಯನ್ನು ನಡೆದ ಎರಡು ಯಂತ್ರಗಳ ಉತ್ಪತ್ತಿಯ ಮೇಲೆ ಹೊರಿಸುತ್ತಿದ್ದರು. ನಿಲುಗಡೆಯ ನಷ್ಟ ಸರಕಿನ ಬೆಲೆಯಲ್ಲಿ ಕರಗಿ ಅದೃಶ್ಯವಾಗುತ್ತಿತ್ತು. ಗ್ಯಾಂಟನ ಪ್ರಕಾರ ಸರಕು ತನ್ನ ತಯಾರಿಕೆಗೆ ಬೇಕಾದ ೨,೦೦೦ ರೂಪಾಯಿಯನ್ನು ಮಾತ್ರ ಹೊರಬೇಕು. ಉಳಿದ ೨,೦೦೦ ನಿಲುಗಡೆಯ ವೆಚ್ಚ; ಅದನ್ನು ಬೇರೆಯಾಗಿ ತೋರಿಸಿ ಅದಕ್ಕೆ ಕಾರಣ ಹೇಳಬೇಕಾದವರು ಕಾರ್ಖಾನೆಯನ್ನು ನಡೆಸುವವರು. ನಿಲುಗಡೆಯನ್ನು ಕೆಲಸಗಾರನ ಆಲಸ್ಯದ ಪ್ರಶ್ನೆಯಿಂದ ಬಿಡಿಸಿ ಆಡಳಿತದ ಹೊಣೆಯ ಪ್ರಶ್ನೆಯನ್ನಾಗಿ ಮಾಡಿದ್ದು ಗ್ಯಾಂಟನ ಹಿರಿಮೆ.

೩

ಅಟ್ಲಾಂಟಿಕದ ಈಚೆಯ ದಡದಲ್ಲಿ, ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಹತ್ತಿಯ ಗಿರಣಿಗಳಲ್ಲಿ, ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ತಲೆದೋರಿತು. ಅಲ್ಲಿಯ ನೇಕಾರರಲ್ಲಿ ಹೆಚ್ಚಿನವರು ಹೆಂಗಸರು; ಅವರ ಕೂಲಿ ನೇಯ್ದ ಬಟ್ಟೆಯ ಅಳತೆಗೆ ತಕ್ಕಂತೆ ನಿಗದಿಯಾಗುತ್ತಿತ್ತು. ಆದಕಾರಣ ಮಗ್ಗ ನಿಂತರೆ ಕೂಲಿಯೂ ನಿಂತಂತೆಯೇ. ನೂಲು ಕಳಪೆಯಾಗಿದ್ದು ಹಾಸಿನ ಎಳೆ ಪದೇ ಪದೇ ಹರಿದರೆ, ನೂಲನ್ನು ಕೊಂಡವನ ತಪ್ಪಿಗೆ ನೇಯುವವಳು ದಂಡ ತೆರಬೇಕಾಗುತ್ತಿತ್ತು.

ಒಬ್ಬ ನೇಕಾರ ನಾಲ್ಕು ಮಗ್ಗಗಳನ್ನು ನೋಡಿಕೊಳ್ಳುವುದು ಅಲ್ಲಿಯ ವಾಡಿಕೆ. ೧೯೨೯ರಲ್ಲಿ ಬರ್ನ್‌ಲಿ ಪಟ್ಟಣದ ಕೆಲವು ಗಿರಣಿಗಳಲ್ಲಿ ಒಬ್ಬರಿಗೆ ಎಂಟು ಮಗ್ಗಗಳನ್ನು ವಹಿಸುವ ಪ್ರಯೋಗ ಆರಂಭವಾಯಿತು. ಇದರಿಂದ ೧೯೩೧ರಲ್ಲಿ ಗಿರಣಿಗಳ ಬೀಗಮುದ್ರೆಯೂ ೧೯೩೨ರಲ್ಲಿ ದೊಡ್ಡ ಮುಷ್ಕರವೂ ಸಂಭವಿಸಿದವು. ಈ ವಿವಾದದ ತಾಂತ್ರಿಕ ಅಂಶವನ್ನು ಇಲ್ಲಿ ಗಮನಿಸುವುದು ಅವಶ್ಯ. ಒಂದು ಮಗ್ಗದ ಎಳೆಯನ್ನು ಕಟ್ಟುತ್ತಿರುವಾಗ ಇನ್ನೊಂದು ಮಗ್ಗ ನಿಂತರೆ, ಆ ಎರಡನೆಯದು ತನ್ನ ಸರದಿಗಾಗಿ ಕಾಯಬೇಕು. ಮಗ್ಗಗಳ ಸಂಖ್ಯೆ ಹೆಚ್ಚಿದಂತೆ ಈ ಕಾಯುವಿಕೆಯೂ ಹೆಚ್ಚುತ್ತದೆ. ದಾಖಲೆಯಲ್ಲಿ ಅದನ್ನು ‘ಎಳೆ ಹರಿದದ್ದು’ ಎಂದು ಬರೆದರೆ ನೂಲಿನ ದೋಷವೆನಿಸುತ್ತದೆ. ‘ನೇಕಾರ ಬರಲಿಲ್ಲ’ ಎಂದು ಬರೆದರೆ ಅವನ ದೋಷವೆನಿಸುತ್ತದೆ. ನಿಜವಾಗಿ ಅದು ಮಗ್ಗಗಳನ್ನು ಹಂಚಿದ ಕ್ರಮದ ದೋಷ. ಈ ಮೂರನೆಯ ಕಾರಣಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲದಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇದೇ ಕಾಲದಲ್ಲಿ ಮ್ಯಾಂಚೆಸ್ಟರಿನ ಷರ್ಲಿ ಸಂಶೋಧನ ಸಂಸ್ಥೆಯಲ್ಲಿದ್ದ ಎಲ್. ಎಚ್. ಸಿ. ಟಿಪ್ಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞನು ಮಗ್ಗಗಳ ನಿಲುಗಡೆಯನ್ನು ಅಳೆಯಲು ಒಂದು ಹೊಸ ಉಪಾಯವನ್ನು ಕಂಡುಹಿಡಿದನು. ಪ್ರತಿಯೊಂದು ಮಗ್ಗದ ಬಳಿಯೂ ಗಡಿಯಾರ ಹಿಡಿದು ದಿನವಿಡೀ ನಿಲ್ಲುವುದು ದುಸ್ಸಾಧ್ಯ. ಅದರ ಬದಲು ನೇಯ್ಗೆಯ ಮನೆಯಲ್ಲಿ ಆಗಾಗ ಸುತ್ತು ಹಾಕಿ, ಕಣ್ಣಿಗೆ ಬಿದ್ದ ಆ ಕ್ಷಣದಲ್ಲಿ ಮಗ್ಗ ನಡೆಯುತ್ತಿದೆಯೇ ನಿಂತಿದೆಯೇ, ನಿಂತಿದ್ದರೆ ಏತಕ್ಕೆ ಎಂದು ಗುರುತಿಸಿಕೊಂಡರೆ ಸಾಕು. ಸಂಭವನೀಯತೆಯ ನಿಯಮಗಳಿಂದ ಉಳಿದದ್ದನ್ನು ಗಣಿಸಬಹುದು. ಉದಾಹರಣೆಗಾಗಿ, ೧,೬೦೦ ನೋಟಗಳಲ್ಲಿ ೨೪೦ ಸಲ ಮಗ್ಗ ನಿಂತಿದ್ದುದು ಕಂಡುಬಂದರೆ ನಿಲುಗಡೆ ಶೇಕಡ ೧೫. ನೋಟಗಳು ಪರಸ್ಪರ ಸ್ವತಂತ್ರವಾಗಿದ್ದ ಪಕ್ಷದಲ್ಲಿ ಈ ಅಂದಾಜಿನಲ್ಲಿ ಹೆಚ್ಚು ಕಡಮೆಯಾಗಬಹುದಾದದ್ದು ಸಾಮಾನ್ಯವಾಗಿ ಶೇಕಡ ೨ರ ಒಳಗೆ. ೧೯೨೭ರ ಸುಮಾರಿಗೆ ಆರಂಭವಾದ ಈ ಪದ್ಧತಿಯ ವಿವರವನ್ನು ಟಿಪ್ಪೆಟ್ಟನು ೧೯೩೫ರಲ್ಲಿ ಪ್ರಕಟಿಸಿದನು. ಇಲ್ಲಿ ಅಳತೆಗೆ ಗುರಿಯಾದದ್ದು ಒಬ್ಬ ವ್ಯಕ್ತಿಯಲ್ಲ, ಇಡೀ ನೇಯ್ಗೆಯ ಮನೆ. ವಾಟರ್‌ಟೌನಿನಲ್ಲಿ ಗಡಿಯಾರ ಎಬ್ಬಿಸಿದಂಥ ಅವಮಾನದ ಭಾವನೆಗೆ ಇದರಲ್ಲಿ ಅಷ್ಟು ಆಸ್ಪದವಿಲ್ಲವೆಂಬುದು ಗಮನಾರ್ಹ.

೪

ನಿಲುಗಡೆಯನ್ನು ಅಳೆಯುವುದು ಒಂದು, ಅದನ್ನು ಉಪಯೋಗಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಜಪಾನಿನಲ್ಲಿ ವಿಶೇಷವಾಗಿ ಬೆಳೆಯಿತು. ಸಕಿಚಿ ತೊಯೊದನು (೧೮೬೭-೧೯೩೦) ೧೯೨೪ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗವು ಓಟ ನಿಲ್ಲಿಸದೆ ಲಾಳಿಯನ್ನು ಬದಲಾಯಿಸಿಕೊಳ್ಳುತ್ತಿತ್ತು. ಎಳೆ ಹರಿದರೆ ಮಾತ್ರ ತಾನಾಗಿ ನಿಲ್ಲುತ್ತಿತ್ತು. ಹರಿದ ಎಳೆಯೊಡನೆ ಮುಂದುವರಿದು ಕೆಟ್ಟ ಬಟ್ಟೆಯನ್ನು ನೇಯುವುದಕ್ಕಿಂತ ನಿಲ್ಲುವುದೇ ಲೇಸೆಂಬ ತತ್ತ್ವ ಇದರಲ್ಲಿ ಅಡಗಿದೆ. ೧೯೨೯ರಲ್ಲಿ ಈ ಮಗ್ಗದ ಹಕ್ಕನ್ನು ಕೊಂಡದ್ದು ಲ್ಯಾಂಕಾಷೈರಿನ ಓಲ್ಡ್‌ಹ್ಯಾಮ್ ಪಟ್ಟಣದ ಪ್ಲಾಟ್ ಸಹೋದರರ ಸಂಸ್ಥೆ. ಜಗತ್ತಿಗೆಲ್ಲ ನೇಯ್ಗೆಯ ಯಂತ್ರಗಳನ್ನು ಒದಗಿಸುತ್ತಿದ್ದವರು, ಬರ್ನ್‌ಲಿಯಲ್ಲಿ ಎಂಟು ಮಗ್ಗಗಳ ಪ್ರಯೋಗ ಆರಂಭವಾದ ಅದೇ ವರ್ಷದಲ್ಲಿ, ಜಪಾನಿನ ಕಡೆಗೆ ಕೈ ಚಾಚಿದರು.

ತೊಯೊದ ಮನೆತನದ ನೇಯ್ಗೆಯ ಸಂಸ್ಥೆಯಿಂದ ೧೯೪೩ರಲ್ಲಿ ಮೋಟಾರು ಕಾರ್ಖಾನೆಗೆ ಬಂದ ತೈಇಚಿ ಓನೋ (೧೯೧೨-೧೯೯೦) ಈ ತತ್ತ್ವವನ್ನು ಯಂತ್ರದಿಂದ ಮನುಷ್ಯನಿಗೆ ವಿಸ್ತರಿಸಿದನು. ದೋಷವನ್ನು ಕಂಡ ಯಾವ ಕೆಲಸಗಾರನಾದರೂ ಜೋಡಣೆಯ ಸಾಲನ್ನು ನಿಲ್ಲಿಸಬಹುದು. ನಿಲ್ಲಿಸಿದೊಡನೆ ತಲೆಯ ಮೇಲಿನ ಫಲಕದಲ್ಲಿ ದೀಪ ಹತ್ತಿ, ಯಾವ ಸ್ಥಳದಲ್ಲಿ ತೊಡಕಾಗಿದೆಯೆಂಬುದು ಎಲ್ಲರಿಗೂ ಕಾಣುತ್ತದೆ. ಈ ಫಲಕಕ್ಕೆ ‘ಆಂದೊನ್’ ಎಂದು ಹೆಸರು; ಜಪಾನೀ ಭಾಷೆಯಲ್ಲಿ ಅದು ಕಾಗದದ ಲಾಂದ್ರದ ಹೆಸರು. ಕಾರಣವನ್ನು ಹುಡುಕುವಾಗ ‘ಏಕೆ’ ಎಂಬ ಪ್ರಶ್ನೆಯನ್ನು ಐದು ಸಲ ಕೇಳಬೇಕೆಂಬುದು ಓನೋ ಹಾಕಿಕೊಟ್ಟ ನಿಯಮ. ೧೯೭೮ರ ತನ್ನ ಗ್ರಂಥದಲ್ಲಿ ಆತನು ಕೊಟ್ಟಿರುವ ಉದಾಹರಣೆಯ ಸಾರಾಂಶ ಹೀಗಿದೆ. ಯಂತ್ರ ನಿಂತದ್ದು ಫ್ಯೂಸು ಸುಟ್ಟದ್ದರಿಂದ. ಫ್ಯೂಸು ಸುಟ್ಟದ್ದು ಬೇರಿಂಗಿಗೆ ಎಣ್ಣೆ ಸಾಲದೆ ಭಾರ ಹೆಚ್ಚಿದ್ದರಿಂದ. ಎಣ್ಣೆ ಸಾಲದೆ ಹೋದದ್ದು ಪಂಪು ಸರಿಯಾಗಿ ಎತ್ತದ್ದರಿಂದ. ಪಂಪು ಎತ್ತದ್ದು ಅದರ ದಂಡ ಸವೆದದ್ದರಿಂದ. ದಂಡ ಸವೆದದ್ದು ಶೋಧಕವಿಲ್ಲದೆ ಲೋಹದ ಚೂರುಗಳು ಒಳಗೆ ಹೋದದ್ದರಿಂದ. ಮೊದಲ ಉತ್ತರಕ್ಕೇ ತೃಪ್ತಿಪಟ್ಟವನು ಫ್ಯೂಸನ್ನು ಬದಲಾಯಿಸಿ ಹೋಗುತ್ತಾನೆ. ಯಂತ್ರ ಮತ್ತೆ ನಿಲ್ಲುತ್ತದೆ. ೧೯೯೯ರಲ್ಲಿ ನಮ್ಮ ರಾಜ್ಯದ ಬಿಡದಿಯಲ್ಲಿ ಉತ್ಪಾದನೆ ಆರಂಭಿಸಿದ ಟೊಯೋಟಾ ಕಾರ್ಖಾನೆ ಈ ಪರಂಪರೆಗೆ ಸೇರಿದ್ದು. ನಮ್ಮ ವಿದ್ಯಾರ್ಥಿಗಳಿಗೆ ಈ ವಿಷಯ ತೀರ ದೂರದ್ದೇನೂ ಅಲ್ಲ.

೫

ಭಾರತದ ಅನುಭವದಲ್ಲಿಯೂ ಇದಕ್ಕೆ ಸಂಬಂಧಿಸಿದ ಒಂದು ಮಹತ್ತ್ವದ ಘಟನೆ ಉಂಟು. ಅಹಮದಾಬಾದಿನ ಕ್ಯಾಲಿಕೋ ಗಿರಣಿಯಲ್ಲಿ ೧೯೫೨ರಲ್ಲಿ ಸ್ವಯಂಚಾಲಿತ ಮಗ್ಗಗಳನ್ನು ಸ್ಥಾಪಿಸಲಾಯಿತು. ಮಗ್ಗಗಳು ಹೊಸವು, ಆದರೂ ನಿರೀಕ್ಷಿಸಿದಷ್ಟು ಉತ್ಪತ್ತಿ ಬರಲಿಲ್ಲ. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸನು ೧೯೫೩ರಲ್ಲಿ ಅಲ್ಲಿಗೆ ಬಂದು ಪರಿಶೀಲಿಸಿದಾಗ, ಕೆಲಸವನ್ನು ಹನ್ನೆರಡು ಬಗೆಯಾಗಿ ಒಡೆದು ಹಂಚಿರುವುದು ಕಂಡುಬಂದಿತು. ಎಳೆಯನ್ನು ಕಟ್ಟುವವನು ಒಬ್ಬ, ಕಂಡಿಕೆಗಳನ್ನು ತುಂಬುವವನು ಒಬ್ಬ, ಯಂತ್ರವನ್ನು ಸರಿಪಡಿಸುವ ಜಾಬರನು ಒಬ್ಬ, ಎಣ್ಣೆ ಹಾಕುವವನು ಒಬ್ಬ, ಗುಡಿಸುವವನು ಒಬ್ಬ. ಇವರಲ್ಲಿ ಒಬ್ಬೊಬ್ಬನ ಪಾಲಿಗೂ ಬೇರೆ ಬೇರೆ ಸಂಖ್ಯೆಯ ಮಗ್ಗಗಳು. ಹೀಗಿರಲು ಮಗ್ಗವೊಂದು ನಿಂತಾಗ ಅದಕ್ಕೆ ಹೊಣೆಗಾರರಾದ ಒಂದು ಗುಂಪೆಂಬುದೇ ಇರಲಿಲ್ಲ.

ಏಳು ಜನರ ಗುಂಪುಗಳನ್ನು ಮಾಡಿ, ಒಂದೊಂದು ಗುಂಪಿಗೆ ೬೪ ಮಗ್ಗಗಳನ್ನು ಒಪ್ಪಿಸಬೇಕೆಂಬ ಸಲಹೆ ಮುಂದೆ ಬಂದಾಗ ಕೆಲಸಗಾರರೂ ಮೇಲ್ವಿಚಾರಕರೂ ಅದನ್ನು ಒಡನೆಯೇ ಕೈಗೆತ್ತಿಕೊಂಡು, ಗುಂಪುಗಳನ್ನು ತಾವೇ ರಚಿಸಿಕೊಂಡರು. ಮೊದಮೊದಲಿನ ಏರಿಳಿತಗಳು ಕಳೆದ ಮೇಲೆ ಉತ್ಪತ್ತಿ ಹೆಚ್ಚಿತು. ದೋಷಯುಕ್ತ ಬಟ್ಟೆಯ ಪ್ರಮಾಣ ತಗ್ಗಿತು. ರೈಸನು ೧೯೫೮ರಲ್ಲಿ ಈ ಪ್ರಯೋಗದ ವೃತ್ತಾಂತವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಮಗ್ಗಗಳು ಅವೇ, ಹೊಣೆಯ ಹಂಚಿಕೆ ಮಾತ್ರ ಬೇರೆ. ನಿಲುಗಡೆಯ ಕಾರಣವನ್ನು ಯಂತ್ರದ ಒಳಗೆ ಮಾತ್ರ ಹುಡುಕುವುದು ಸಾಲದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನ ನಮ್ಮ ದೇಶದ ಕೈಗಾರಿಕಾ ಚರಿತ್ರೆಯಲ್ಲಿ ದೊರೆಯುವುದು ವಿರಳ.

೬

ಈಗ ತಂತ್ರಾಂಶದ ಕಾಲಕ್ಕೆ ಬರೋಣ. ಅದಕ್ಕೆ ಬೇಕಾದ ಗಣಿತವನ್ನು ಸಿದ್ಧಗೊಳಿಸಿದವರಲ್ಲಿ ಜಪಾನಿನ ಸೈಇಚಿ ನಕಜಿಮನು ಪ್ರಮುಖ. ೧೯೭೧ರಿಂದ ಈಚೆಗೆ ಪ್ರಸಿದ್ಧಿಗೆ ಬಂದ ಆತನ ನಿರ್ವಹಣಾ ಪದ್ಧತಿಯಲ್ಲಿ ಯಂತ್ರವನ್ನು ಒರಸುವ, ಎಣ್ಣೆ ಹಾಕುವ, ನಿತ್ಯ ಪರೀಕ್ಷಿಸುವ ಕೆಲಸಗಳನ್ನು ಅದನ್ನು ನಡೆಸುವವನಿಗೇ ವಹಿಸಲಾಯಿತು. ಯಂತ್ರದ ಸಾಫಲ್ಯವನ್ನು ಅಳೆಯಲು ಆತನು ಮೂರು ಪ್ರಮಾಣಗಳನ್ನು ಗುಣಿಸಿದನು: ನಡೆಯಬೇಕಾದ ಕಾಲದಲ್ಲಿ ನಡೆದದ್ದೆಷ್ಟು, ನಡೆದಾಗ ತಕ್ಕ ವೇಗದಲ್ಲಿ ನಡೆದದ್ದೆಷ್ಟು, ತಯಾರಾದದ್ದರಲ್ಲಿ ನಿರ್ದೋಷವಾದದ್ದೆಷ್ಟು. ಇವು ಕ್ರಮವಾಗಿ ಶೇಕಡ ೯೦, ೯೫, ೯೯ ಆದರೆ ಒಟ್ಟು ಸಾಫಲ್ಯ ಸುಮಾರು ಶೇಕಡ ೮೫ ಮಾತ್ರ. ಬಿಡಿಬಿಡಿಯಾಗಿ ನೋಡಿದಾಗ ಅಲ್ಪವೆನಿಸುವ ನಷ್ಟಗಳು ಕೂಡಿದಾಗ ಎಷ್ಟಾಗುತ್ತವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅಮೆರಿಕದ ಕೇಂಬ್ರಿಜ್ ನಗರದ ಸಂಸ್ಥೆಯೊಂದು ೧೯೮೫ರಲ್ಲಿ ‘ಮ್ಯಾಕ್ಸಿಮೋ’ ಎಂಬ ನಿರ್ವಹಣಾ ತಂತ್ರಾಂಶವನ್ನು ಹೊರತಂದಿತು. ೨೦೦೬ರಲ್ಲಿ ಅದು ಐಬಿಎಂ ಸಂಸ್ಥೆಯ ವಶವಾಯಿತು. ಕಟ್ಟಡ, ಕೊಠಡಿ, ಲಿಫ್ಟು, ಹವಾನಿಯಂತ್ರಣ ಇವೆಲ್ಲವನ್ನೂ ಒಂದೇ ದಾಖಲೆಯ ಅಡಿಯಲ್ಲಿ ತರುವ ಕಾರ್ಯಸ್ಥಳ ನಿರ್ವಹಣಾ ತಂತ್ರಾಂಶಗಳು ಇಪ್ಪತ್ತೊಂದನೆಯ ಶತಮಾನದ ಆದಿಯಿಂದ ಹಬ್ಬಿದವು. ಇವು ಹೊಸತಾಗಿ ತಂದ ಅನುಕೂಲಗಳನ್ನು ಅಲ್ಲಗಳೆಯಲಾಗದು. ದೂರು ಕಳೆದುಹೋಗುವುದಿಲ್ಲ, ಯಾರ ಬಳಿ ಎಷ್ಟು ಹೊತ್ತು ನಿಂತಿತೆಂಬುದು ಗೊತ್ತಾಗುತ್ತದೆ, ಕೆಡುವುದಕ್ಕೆ ಮೊದಲೇ ಪರೀಕ್ಷಿಸಬೇಕಾದ ದಿನವನ್ನು ತಂತ್ರಾಂಶ ನೆನಪಿಸುತ್ತದೆ. ಸರಾಸರಿ ೧೯೦ ಗಂಟೆಗಳ ಕಾಲ ನಡೆದು ಒಮ್ಮೆ ಕೆಡುವ ಯಂತ್ರದ ದುರಸ್ತಿಗೆ ೧೦ ಗಂಟೆ ಹಿಡಿದರೆ ಅದು ಶೇಕಡ ೯೫ರಷ್ಟು ಕಾಲ ನಮಗೆ ದೊರೆಯುತ್ತದೆ. ಆ ೧೦ ಗಂಟೆಗಳಲ್ಲಿ ೭ ಗಂಟೆ ಬಿಡಿಭಾಗಕ್ಕಾಗಿ ಕಾದದ್ದೆಂದು ದಾಖಲೆಯಿಂದ ತಿಳಿದರೆ, ದುರಸ್ತಿಗಾರನನ್ನು ಅವಸರಪಡಿಸುವುದು ವ್ಯರ್ಥ, ಉಗ್ರಾಣವನ್ನು ಸರಿಪಡಿಸುವುದು ಸಾರ್ಥಕ ಎಂಬ ನಿರ್ಣಯಕ್ಕೆ ಬರಬಹುದು.

ಆದರೆ ಹಳೆಯ ಅಪಾಯಗಳೂ ಜೊತೆಗೇ ಬಂದಿವೆ. ತಂತ್ರಾಂಶದಲ್ಲಿ ಕಾರಣವನ್ನು ಸಿದ್ಧವಾದ ಪಟ್ಟಿಯಿಂದ ಆರಿಸಬೇಕು. ಪಟ್ಟಿಯನ್ನು ರಚಿಸಿದವನು ಯಂತ್ರದ ಬಳಿ ಎಂದೂ ನಿಲ್ಲದವನಾಗಿದ್ದರೆ ನಿಜವಾದ ಕಾರಣ ಅದರಲ್ಲಿ ಇರದೆ ಹೋಗಬಹುದು. ಆಗ ಕೆಲಸಗಾರನು ‘ಇತರ’ ಎಂಬುದನ್ನು ಒತ್ತುತ್ತಾನೆ. ‘ನಡೆಸುವವನ ತಪ್ಪು’ ಎಂಬ ಕಾರಣಕ್ಕೆ ದಂಡನೆಯಿದ್ದರೆ ಯಾರೂ ಅದನ್ನು ಆರಿಸುವುದಿಲ್ಲ. ದಾಖಲೆ ಅಚ್ಚುಕಟ್ಟಾಗಿರುತ್ತದೆ, ಸತ್ಯ ಹೊರಗುಳಿಯುತ್ತದೆ. ಈ ಅಪಾಯವನ್ನು ಗಣಕಕ್ಷೇತ್ರದವರೂ ಕಂಡುಕೊಂಡರು. ಬ್ರಿಟಿಷ್ ಸರ್ಕಾರದ ಗಣಕ ಇಲಾಖೆಯು ೧೯೮೦ರ ದಶಕದ ಕೊನೆಯಲ್ಲಿ ರೂಪಿಸಿದ ಕ್ರಮಾವಳಿಯಲ್ಲಿ ಸೇವೆಯನ್ನು ಬೇಗನೆ ಮತ್ತೆ ಆರಂಭಿಸುವುದು, ಅದು ಕೆಟ್ಟದ್ದರ ಮೂಲವನ್ನು ಶೋಧಿಸುವುದು ಎಂಬ ಎರಡು ಕಾರ್ಯಗಳನ್ನು ಬೇರ್ಪಡಿಸಲಾಯಿತು. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ೨೦೧೬ರಲ್ಲಿ ಪ್ರಕಟಿಸಿದ ಗ್ರಂಥವು, ವೈಫಲ್ಯದ ವರದಿಯಲ್ಲಿ ವ್ಯಕ್ತಿಯನ್ನು ದೂಷಿಸದೆ ವ್ಯವಸ್ಥೆಯ ಕುಂದನ್ನು ಗುರುತಿಸಬೇಕೆಂದು ಪ್ರತಿಪಾದಿಸಿತು. ನೂರು ವರ್ಷಗಳ ಹಿಂದೆ ಗ್ಯಾಂಟನು ತನ್ನ ನಕ್ಷೆಯ ಖಾಲಿ ಜಾಗದಲ್ಲಿ ಅಕ್ಷರಗಳನ್ನು ಬರೆಯಿಸಿದಾಗ ಅವನ ಮನಸ್ಸಿನಲ್ಲಿದ್ದ ವಿಚಾರವೂ ಬಹುಮಟ್ಟಿಗೆ ಇದೇ.

೭

ಈ ಸಮೀಕ್ಷೆಯಿಂದ ಚರಿತ್ರೆಯ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ದೊರೆಯುವ ಪ್ರಯೋಜನವೇನು? ಶಾಸನವೊಂದನ್ನು ಓದುವಾಗ ಅದನ್ನು ಬರೆಯಿಸಿದವರು ಯಾರು, ಯಾವ ಉದ್ದೇಶದಿಂದ, ಏನನ್ನು ಬಿಟ್ಟಿದ್ದಾರೆ ಎಂದು ನಾವು ಕೇಳುತ್ತೇವೆ. ನಿಲುಗಡೆಯ ದಾಖಲೆಯನ್ನೂ ಹಾಗೆಯೇ ಓದಬೇಕು. ಕಾರಣಗಳ ಪಟ್ಟಿಯನ್ನು ರಚಿಸಿದವರು ಯಾರು? ಅಂಕಣವನ್ನು ತುಂಬಿದವನಿಗೆ ಅದರಿಂದ ಕೂಲಿಯಲ್ಲಿಯೋ ಮರ್ಯಾದೆಯಲ್ಲಿಯೋ ನಷ್ಟವಾಗುವ ಭಯವಿತ್ತೆ? ಎಷ್ಟು ಚಿಕ್ಕ ನಿಲುಗಡೆಯನ್ನು ಬರೆಯದೆ ಬಿಡಲಾಗಿದೆ? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಬರಿಯ ಶೇಕಡಾ ಲೆಕ್ಕಗಳನ್ನು ಪ್ರಮಾಣವಾಗಿ ಸ್ವೀಕರಿಸುವುದು ಯುಕ್ತವಲ್ಲ.

ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಲಿಖಿತ ನಕ್ಷೆಗಳೂ ಲೆಕ್ಕದ ಪುಸ್ತಕಗಳೂ ಎಲ್ಲಿಯಾದರೂ ಒಂದು ಉಗ್ರಾಣದಲ್ಲಿ ಉಳಿದು ನಮ್ಮ ಕೈ ಸೇರಬಹುದು. ತಂತ್ರಾಂಶದ ದಾಖಲೆ ಹಾಗಲ್ಲ. ಸಂಸ್ಥೆಯು ತಂತ್ರಾಂಶವನ್ನು ಬದಲಾಯಿಸಿದಾಗ ಹಳೆಯ ದಾಖಲೆಯನ್ನು ಅಳಿಸಿಬಿಡುವುದು ಸುಲಭ. ಕಾರ್ಖಾನೆಗಳೂ ತಂತ್ರಾಂಶದ ಉದ್ಯಮವೂ ಒಂದರ ಪಕ್ಕದಲ್ಲೊಂದು ಬೆಳೆದಿರುವ ಬೆಂಗಳೂರಿನಂತಹ ನಗರದಲ್ಲಿ ಇಂತಹ ದಾಖಲೆಗಳನ್ನು ಕಾಪಾಡುವ ವಿಚಾರದಲ್ಲಿ ವಿಶ್ವವಿದ್ಯಾನಿಲಯಗಳ ಚರಿತ್ರೆಯ ವಿಭಾಗಗಳು ಉದ್ಯಮಗಳೊಡನೆ ಈಗಿನಿಂದಲೇ ಮಾತುಕತೆ ನಡೆಸುವುದು ಉಚಿತ. ದುಡಿದವರ ಮಾತು ಕೈಗಾರಿಕೆಯ ಕಡತಗಳಲ್ಲಿ ದೊರೆಯುವುದು ಅಪರೂಪ. ಯಂತ್ರ ಏಕೆ ನಿಂತಿತೆಂದು ಅವರು ತಮ್ಮ ಕೈಯಾರ ಬರೆದ ನಾಲ್ಕು ಅಕ್ಷರಗಳು ಅಂತಹ ಅಪರೂಪದ ಆಧಾರಗಳಲ್ಲಿ ಸೇರುತ್ತವೆ.